ಒಂದು ಹಳೆಯ ಆಣೆ

ಕಲಬುರಗಿಯ ಕೋಟೆಯನ್ನು ನೋಡಲು ಬಂದವರು ಅಲ್ಲಿಯ ಬಾರಾಗಜಿ ತೋಪನ್ನು ಕಾಣದೆ ಹಿಂದಿರುಗುವುದಿಲ್ಲ. ಅದರ ಉದ್ದ ಸುಮಾರು 29 ಅಡಿ. ಪ್ರಪಂಚದಲ್ಲಿ ಇದಕ್ಕಿಂತ ಉದ್ದವಾದ ತೋಪು ಬೇರೊಂದಿಲ್ಲವೆಂದು ನಮ್ಮ ಊರವರು ಹೇಳುವರು. ಆ ಮಾತನ್ನು ಪರೀಕ್ಷಿಸುವ ಗೋಜಿಗೆ ನಾನು ಹೋದವನಲ್ಲ; ಊರಿನ ಅಭಿಮಾನಕ್ಕೆ ಗಜಕಡ್ಡಿ ಹಿಡಿಯುವುದು ಸಭ್ಯತೆಯೆನಿಸಲಾರದು. ನನಗೆ ಆ ತೋಪಿನ ಪರಿಚಯವಾದುದು ಬೇರೊಂದು ರೀತಿಯಿಂದ. ಏಳೆಂಟು ವರ್ಷದ ಹುಡುಗನಾಗಿದ್ದಾಗ, ಕಮಲಾಪುರದಿಂದ ಬಾಳೆಯ ಗೊನೆಗಳನ್ನು ಮಾರಲು ಬಂದಿದ್ದ ಸೋದರಮಾವನವರು ನನ್ನನ್ನು ಕೋಟೆಗೆ ಕರೆದೊಯ್ದು, ಕುದುರೆ ಹತ್ತಿಸುವಂತೆ ಎತ್ತಿ ಅದರ ಮೇಲೆ ಕುಳ್ಳಿರಿಸಿದರು. ವೈಶಾಖದ ಬಿಸಿಲು. ಕಾದ ಲೋಹವು ತೊಡೆಗೆ ಚುರುಕ್ಕೆಂದಿತು, ನಾನು ಚೀರಿದೆನು. ಮಾವನವರು ನಗುತ್ತ ಕೆಳಗಿಳಿಸಿ, "ಇಷ್ಟ ವರ್ಷ ಆದ ಮ್ಯಾಲೂ ಸುಡತದ ನೋಡು" ಎಂದರು.

ಆ ತೋಪು ಇಂದು ಸುಡುವುದು ಅಷ್ಟನ್ನೇ. ಕೋಟೆಯೊಳಗಿನ ಮನೆಗಳ ಮಕ್ಕಳು ಅದರ ಬಾಯಲ್ಲಿ ಕೈಯಿಕ್ಕಿ ಆಡುವರು. ಮದುವೆಯಾಗಲಿರುವವರು ಅದರ ಪಕ್ಕದಲ್ಲಿ ನಿಂತು ಚಿತ್ರ ತೆಗೆಯಿಸಿಕೊಳ್ಳುವರು. ಆಯುಧಗಳಿಗೂ ಮುಪ್ಪು ಬರುವುದೆಂದೂ, ಮುಪ್ಪಾದ ಆಯುಧವು ಮಕ್ಕಳ ಆಟಿಕೆಯಾಗುವುದೆಂದೂ ನಾನು ಬಹುಕಾಲ ನಂಬಿದ್ದೆನು. ಮುಂದೆ ಭೌತಶಾಸ್ತ್ರವನ್ನು ಓದಿ, ಅದನ್ನೇ ಕಾಲೇಜಿನ ಹುಡುಗರಿಗೆ ಹೇಳಿಕೊಡುವ ಉದ್ಯೋಗವನ್ನು ಹಿಡಿದ ಬಳಿಕ, ಅಷ್ಟು ಸುಲಭವಾಗಿ ಮುಪ್ಪಾಗದ ಆಯುಧವೂ ಒಂದುಂಟೆಂದು ತಿಳಿಯಬೇಕಾಯಿತು. ಪರಮಾಣು ಬಾಂಬಿಗೆ ಬೇಕಾದ ಪ್ಲುಟೋನಿಯಮ್ಮಿನ ಅರ್ಧಾಯುಷ್ಯ 24,000 ವರ್ಷ. ಬಹಮನಿ ರಾಜ್ಯವು ಕಲಬುರಗಿಯಲ್ಲಿ ನೆಲೆಗೊಂಡು ಇನ್ನೂ ಏಳುನೂರು ವರ್ಷವಾಗಿಲ್ಲವೆಂಬುದನ್ನು ನೆನೆದರೆ ಈ ಸಂಖ್ಯೆಯ ಉದ್ದವು ವಾಚಕರಿಗೆ ಹೊಳೆದೀತು.

ನಾನು ಹೇಳಲು ಹೊರಟಿರುವುದು ಒಂದು ಕಿಲೋ ಪೇಢೆಯ ಸಂಗತಿ. 1998ನೆಯ ಇಸವಿಯ ಮೇ 11, ಸೋಮವಾರ, ಬುದ್ಧಪೂರ್ಣಿಮೆಯ ದಿನ, ನಮ್ಮ ದೇಶವು ರಾಜಸ್ಥಾನದ ಪೋಖರಣದಲ್ಲಿ ನೆಲದೊಳಗೆ ಮೂರು ಪರಮಾಣು ಸ್ಫೋಟಗಳನ್ನು ನಡೆಯಿಸಿತು, 13ರಂದು ಮತ್ತೆರಡನ್ನು. ಕಾಲೇಜಿಗೆ ಬೇಸಗೆಯ ರಜೆಯಿತ್ತು. ಸಂಜೆ ಸುಪರ್ ಮಾರ್ಕೆಟ್ಟಿನ ಕಡೆ ಹೋದಾಗ ಹುಡುಗರು ಪಟಾಕಿ ಹಾರಿಸುತ್ತಿದ್ದರು. ನಮ್ಮ ಓಣಿಯ ಕಟ್ಟೆಯ ಮೇಲೆ ನಾನಂದು ಒಂದು ವಿಧದ ಗುರುಪೀಠವನ್ನೇರಿದ್ದೆನೆಂದರೆ ಸಲ್ಲುವುದು. ಒಂದು ಪರಮಾಣು ಒಡೆದರೆ ಎರಡು ಮೂರು ಕಣಗಳು ಸಿಡಿಯುವುದೂ, ಅವು ಮತ್ತೆರಡು ಮೂರನ್ನು ಒಡೆಯುವುದೂ, ಕಣ್ಣೆವೆಯಿಕ್ಕುವುದರೊಳಗೆ ಕೋಟ್ಯಂತರವಾಗಿ ಬೆಳೆಯುವುದೂ ಹೇಗೆಂಬುದನ್ನು ಕಿರಾಣಿ ಅಂಗಡಿಯವರಿಂದ ಹಿಡಿದು ವಕೀಲರವರೆಗೆ ಎಲ್ಲರಿಗೂ ವಿವರಿಸಿದೆನು. ಕೇಳಿದವರು ತಲೆದೂಗಿದರು. ಸ್ಫೋಟವನ್ನು ನಾನೇ ಮಾಡಿ ಬಂದವನಂತೆ ನನಗನ್ನಿಸಿತ್ತು. 14ರಂದು ಬೆಳಗ್ಗೆ ಪೇಢೆಯ ಪೆಟ್ಟಿಗೆಯನ್ನು ಕೊಂಡು, ಹುಮನಾಬಾದಿನ ಮೋಟಾರನ್ನು ಹತ್ತಿ ಕಮಲಾಪುರಕ್ಕೆ ಹೋದೆನು.

ಕಮಲಾಪುರದ ಕೆಂಬಾಳೆಯನ್ನು ನಮ್ಮ ಜಿಲ್ಲೆಯ ವಾಚಕರಿಗೆ ಪರಿಚಯಿಸಬೇಕಾಗಿಲ್ಲ. ಭೌಗೋಳಿಕ ಸೂಚಕವೆಂಬ ಸರಕಾರಿ ಮುದ್ರೆಯೂ ಈಗ ಅದಕ್ಕೆ ದೊರಕಿರುವುದು. ಸಾಮಾನ್ಯ ಬಾಳೆಗಿಂತ ಹೆಚ್ಚು ಕಾಲ, ಸುಮಾರು ಒಂದೂವರೆ ವರ್ಷ, ಕಾಯಿಸಿ ಗೊನೆ ಕೊಡುವ ಹಟದ ಗಿಡವದು. ಹಣ್ಣು ದುಬಾರಿ, ಬೆಳೆದವನಿಗೆ ಮಾತ್ರ ಅಗ್ಗ. ಮಾವನವರು ತೋಟದಲ್ಲಿ ಮಡೆ ತಿರುವುತ್ತಿದ್ದರು. ನಾನು ಪೆಟ್ಟಿಗೆಯನ್ನು ಬಿಚ್ಚಿ ಮುಂದೆ ಹಿಡಿದೆನು.

"ಏನ್ ವಿಶೇಷ, ಅಳಿಯಾ? ಮಗಳ ಲಗ್ನ ಗೊತ್ತಾತೇನು?"

ಬಾಂಬಿನ ವಿಷಯವನ್ನು ಹೇಳಿದೆನು. ಅವರು ರೇಡಿಯೋದಲ್ಲಿ ಕೇಳಿದ್ದರು. ಕೈಯ ಕೆಸರನ್ನು ನೀರಿನಲ್ಲಿ ತೊಳೆದುಕೊಂಡು, ಧೋತರದ ಚುಂಗಿನಿಂದ ಒರೆಸಿಕೊಂಡರು. ಆದರೆ ಕೈಯನ್ನು ಪೆಟ್ಟಿಗೆಯ ಕಡೆ ಚಾಚಲಿಲ್ಲ.

"ಹಿಂದಕ್ಕ ಹಿಂಗೇ ಒಮ್ಮಿ ಆದಾಗ ಬಾವಿ ತೋಡ್ಲಕ್ಕ ಬರ್ತದಂತ ಹೇಳಿದ್ರಿ. ಆವಾಗ ನಾನೂ ಖುಷಿ ಪಟ್ಟೀನಿ. ಈ ಸಲ ಏನ್ ತೋಡತದ?"

ಇದು ಅಣಕದ ಮಾತಾಗಿರಲಿಲ್ಲ. 1974ರ ಮೇ 18ರಂದು ಅದೇ ಪೋಖರಣದಲ್ಲಿ ಮೊದಲನೆಯ ಸ್ಫೋಟವಾದಾಗ ನಾನು ಹನ್ನೆರಡು ವರ್ಷದವನಾಗಿ ಇದೇ ತೋಟದಲ್ಲಿ ರಜೆ ಕಳೆಯುತ್ತಿದ್ದೆನು. ಸರಕಾರವು ಅದನ್ನು ಶಾಂತಿಯುತ ಸ್ಫೋಟವೆಂದು ಕರೆಯಿತು. ಗಣಿ ಅಗೆಯಲು, ಮಣ್ಣು ಬಂಡೆಗಳನ್ನು ಸರಿಸಲು ಇದು ಉಪಯೋಗಕ್ಕೆ ಬರುವುದೆಂದು ಪ್ರಚಾರವಾಯಿತು. ಎಪ್ಪತ್ತೆರಡರ ಬರದಲ್ಲಿ ಬಾವಿಯ ತಳದ ಬಂಡೆಯನ್ನು ಒಡೆಯಲಾರದೆ ಅರ್ಧ ತೋಟವನ್ನು ಒಣಗಿಸಿಕೊಂಡಿದ್ದ ಮಾವನವರು ಆ ಮಾತನ್ನು ಅಕ್ಷರಶಃ ನಂಬಿದರು. ಅಂದು ಅವರೇ ನಮಗೆಲ್ಲ ಒಂದೊಂದು ಕೆಂಬಾಳೆಯ ಹಣ್ಣನ್ನು ಹಂಚಿದುದು ನನಗೆ ನೆನಪಿದೆ. ಆ ಸ್ಫೋಟದ ಸೂತ್ರಧಾರರಲ್ಲಿ ಪ್ರಮುಖರಾದ ರಾಜಾ ರಾಮಣ್ಣನವರು ನಮ್ಮ ತುಮಕೂರು ಸೀಮೆಯಲ್ಲಿ ಹುಟ್ಟಿದವರು, ಪಿಯಾನೋ ವಾದನದಲ್ಲಿ ನಿಪುಣರು, ವಿದ್ಯಾವಂತರು. ಅದು ಬಾಂಬೇ ಆಗಿತ್ತೆಂದು 1997ರಲ್ಲಿ ಅವರೇ ಒಪ್ಪಿಕೊಂಡರು. ತುಪಾಕಿಯನ್ನು ಮನುಷ್ಯನಿಗೆ ಗುರಿಯಿಟ್ಟರೂ ನೆಲಕ್ಕೆ ಗುರಿಯಿಟ್ಟರೂ ಅದು ತುಪಾಕಿಯೇ ಎಂಬ ಅರ್ಥದ ಮಾತನ್ನೂ ಆಡಿದರು. ಮಾವನವರ ಬಾವಿಗೆ ಈ ಸುದ್ದಿ ಇಪ್ಪತ್ತಮೂರು ವರ್ಷ ತಡವಾಗಿ ಮುಟ್ಟಿತು.

ನಾನು ಶತ್ರುದೇಶದ ಭಯವನ್ನೂ, ಚೀನದ 1964ರ ಸ್ಫೋಟವನ್ನೂ, ದೇಶರಕ್ಷಣೆಯ ಅಗತ್ಯವನ್ನೂ ಎತ್ತಿ ಮಾತಾಡಿದೆನು. ಅವರು ಎಲ್ಲವನ್ನೂ ಕೇಳಿದರು. ಕೊನೆಗೆ ನಲವತ್ತೆಂಟರ ಮಾತು ತೆಗೆದರು. ಆಗ ಅವರಿಗೆ ಹದಿನಾಲ್ಕು ವರ್ಷ. ರಜಾಕಾರರ ಹಾವಳಿಗೆ ಅಂಜಿ ಮನೆಯವರೆಲ್ಲ ಗಡಿ ದಾಟಿ ಸೊಲ್ಲಾಪುರದ ಕಡೆಗೆ ಹೋಗಿದ್ದರು. ಸೆಪ್ಟೆಂಬರದ ಪೋಲೀಸು ಕಾರ್ಯಾಚರಣೆ ಮುಗಿದ ಮೇಲೆ ಹಿಂದಿರುಗಿ ಬರುವಾಗ ಈ ಸಲ ಮುಸಲ್ಮಾನರ ಮನೆಗಳು ಉರಿದಿದ್ದವು. ಆ ದಿನಗಳ ಹತ್ಯೆಯಲ್ಲಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮದೂ ಒಂದೆಂದು ಪಂಡಿತ ಸುಂದರಲಾಲರ ಸಮಿತಿಯು ಬರೆದಿರುವುದು. ಮಾವನವರು ಸಮಿತಿಯ ವರದಿಯನ್ನು ಓದಿದವರಲ್ಲ.

"ಹೋಗುವಾಗೂ ನೋಡೀನಿ, ಬರುವಾಗೂ ನೋಡೀನಿ. ಸತ್ತವರ ಕೈಯಾಗ ಏನಿತ್ತಂತ ನೋಡೀನಿ. ಒಬ್ಬಾಕಿ ಕೈಯಾಗ ಕೊಡ. ಒಬ್ಬನ ಕೈಯಾಗ ಎತ್ತಿನ ಹಗ್ಗ. ನಿನ್ನ ಬಾಂಬ್ ಬೀಳುವಾಗ ಕೈಯಾಗ ಏನದ ಅಂತ ನೋಡಿ ಬೀಳತದೇನು? ನೋಡೋದಿಲ್ಲಂದ್ರ ಆ ಪೇಡೆ ನನಗ ಬ್ಯಾಡ."

ಸಿಟ್ಟಿನಿಂದ ಹೇಳಲಿಲ್ಲ. ಅತ್ತೆಯವರು ಪೆಟ್ಟಿಗೆಯನ್ನು ಒಳಗೆ ತೆಗೆದುಕೊಂಡು ಹೋದರು. ಊಟ ಮಾಡಿ ನಾನು ಸಂಜೆಯ ಮೋಟಾರಿಗೆ ಮರಳಿದೆನು. ಹಾದಿಯುದ್ದಕ್ಕೂ ಅವರಿಗೆ ತಕ್ಕ ಉತ್ತರವನ್ನು ಹುಡುಕುತ್ತ ಬಂದೆನಲ್ಲದೆ, ಅವರ ಪ್ರಶ್ನೆಗೆ ಉತ್ತರ ನನಗೆ ಮೊದಲೇ ಗೊತ್ತಿತ್ತೆಂಬುದನ್ನು ಒಪ್ಪಲಿಲ್ಲ. ಹಿರೋಷಿಮಾದ ಮೇಲೆ 1945ರ ಆಗಸ್ಟ್ 6ರಂದು ಬಿದ್ದ ಬಾಂಬಿನಲ್ಲಿದ್ದುದು ಸುಮಾರು 64 ಕಿಲೋಗ್ರಾಂ ಯುರೇನಿಯಂ. ಅದರಲ್ಲಿ ನಿಜವಾಗಿ ಒಡೆದುದು ಒಂದು ಕಿಲೋಗ್ರಾಮಿನಷ್ಟು. ಶಕ್ತಿಯಾಗಿ ಮಾರ್ಪಟ್ಟ ದ್ರವ್ಯವು ಒಂದು ಗ್ರಾಮಿಗಿಂತಲೂ ಕಡಿಮೆ. ಒಂದು ಪೇಢೆಯ ಚೂರಿಗೂ ಸಮನಲ್ಲದ ಆ ತೂಕದಿಂದ, ವರ್ಷವು ಮುಗಿಯುವುದರೊಳಗೆ, ಸುಮಾರು 1,40,000 ಜನ ಸತ್ತರು. ಅವರಲ್ಲಿ ಶಾಲೆಯ ಮಕ್ಕಳೆಷ್ಟು, ಸೈನಿಕರೆಷ್ಟು ಎಂದು ಬಾಂಬು ಕೇಳಿರಲಿಲ್ಲ. ಈ ಅಂಕಿಗಳನ್ನು ನಾನು ಪ್ರತಿವರ್ಷ ಕರಿಹಲಗೆಯ ಮೇಲೆ ಬರೆದವನು. ಬರೆದು ಒರೆಸಿದವನೂ ನಾನೇ.

ಈ ಅಸ್ತ್ರಗಳನ್ನು ಬೇರೆ ಆಯುಧಗಳಿಂದ ಬೇರ್ಪಡಿಸುವುದು ಅವುಗಳ ಬಲವಲ್ಲ, ಅವುಗಳ ಕುರುಡುತನ. ವಿಷವಾಯುವೂ ಹಾಗೆಯೇ, ರೋಗಾಣುವೂ ಹಾಗೆಯೇ. ಕತ್ತಿ ಹಿಡಿದವನು ಎದುರಿಗಿರುವವನ ಕೈಯನ್ನು ನೋಡಬಲ್ಲನು. ನೋಡಿಯೂ ಕೊಲ್ಲಬಹುದು, ಅದು ಬೇರೆ ಮಾತು. ಇಲ್ಲಿ ನೋಡುವ ಅವಕಾಶವೇ ಇಲ್ಲ.

ಮಾವನವರ ಮಾತಿನಿಂದ ಚುಚ್ಚಿಸಿಕೊಂಡವನಾಗಿ ಆ ಮಳೆಗಾಲದಲ್ಲಿ ನಾನು ನನ್ನ ಶಾಸ್ತ್ರಕ್ಕೆ ಸೇರದ ಪುಸ್ತಕಗಳನ್ನು ತಿರುವಿಹಾಕತೊಡಗಿದೆನು. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿದ್ದು ಇತಿಹಾಸ ಬರೆದ ಫೆರಿಸ್ತಾನ ಗ್ರಂಥವು ಇಂಗ್ಲಿಷಿಗೆ ಅನುವಾದವಾಗಿರುವುದು. ರಾಬರ್ಟ್ ಸಿವೆಲ್ಲನು 1900ರಲ್ಲಿ ಪ್ರಕಟಿಸಿದ ವಿಜಯನಗರದ ಚರಿತ್ರೆಯಲ್ಲಿಯೂ ಅದರ ಸಾರವುಂಟು. ಅಲ್ಲಿ ನಮ್ಮ ಕೋಟೆಯ ದರ್ಬಾರಿನ ಒಂದು ಕಥೆ ದೊರಕಿತು. ಅದನ್ನು ತುಸು ವಿಸ್ತಾರವಾಗಿ ಹೇಳಿದರೆ ವಾಚಕರು ಬೇಸರಪಡಲಾರರು.

ಬಹಮನಿಯ ಎರಡನೆಯ ಸುಲ್ತಾನನಾದ ಮಹಮ್ಮದಶಾಹನು 1358ರಿಂದ 1375ರವರೆಗೆ ಆಳಿದನು. ಒಂದು ದಿನ ಸಂಗೀತವೂ ಮದಿರೆಯೂ ತಲೆಗೇರಿದ ಹೊತ್ತಿನಲ್ಲಿ, ದಿಲ್ಲಿಯ ಕಡೆಯಿಂದ ಬಂದ ಮುನ್ನೂರು ಜನ ಗಾಯಕರಿಗೆ ಸಂಭಾವನೆಯನ್ನು ವಿಜಯನಗರದ ಖಜಾನೆಯ ಮೇಲೆ ಹುಂಡಿ ಬರೆದು ಕೊಡಿಸಿದನು. ಎಂದರೆ, ಹಾಡಿಸಿಕೊಂಡವನು ತಾನು, ಹಣ ಕೊಡತಕ್ಕವನು ಬುಕ್ಕರಾಯ! ರಾಯನು ಹುಂಡಿ ತಂದವನನ್ನು ಕತ್ತೆಯ ಮೇಲೆ ಮೆರೆಯಿಸಿ ಓಡಿಸಿದನು. ಅಷ್ಟಕ್ಕೆ ನಿಲ್ಲದೆ ತುಂಗಭದ್ರೆಯನ್ನು ದಾಟಿ ಮುದಗಲ್ಲಿನ ಕೋಟೆಯನ್ನು ಹಿಡಿದು ಅಲ್ಲಿದ್ದವರನ್ನು ಹೆಂಗಸರು ಮಕ್ಕಳೆನ್ನದೆ ಕೊಲ್ಲಿಸಿದನು. ಒಬ್ಬನೇ ಉಳಿದು ಕಲಬುರಗಿಗೆ ಸುದ್ದಿ ತಂದನು. ಲಕ್ಷ ಜನರನ್ನು ಕೊಲ್ಲುವವರೆಗೆ ಕತ್ತಿಯನ್ನು ಒರೆಗೆ ಸೇರಿಸೆನೆಂದು ಸುಲ್ತಾನನು ಆಣೆಯಿಟ್ಟನು. 1366ರ ಸುಮಾರಿನ ಆ ದಂಡಯಾತ್ರೆಯಲ್ಲಿ ಅವನ ಬಳಿ ತೋಪುಖಾನೆಯಿತ್ತೆಂದು ಫೆರಿಸ್ತಾನು ಹೇಳುವನು. ಅಷ್ಟು ಮುಂಚೆ ತೋಪುಗಳಿದ್ದವೇ ಎಂದು ಈಗಿನ ಪಂಡಿತರು ಸಂಶಯಪಡುವರು. ಸತ್ತವರ ಸಂಖ್ಯೆಯನ್ನೂ ಹಾಗೆಯೇ ನಂಬಲಾಗದು. ಇನ್ನೂರು ವರ್ಷಗಳಿಗೂ ಮೀರಿ ಈಚೆಗೆ ಬರೆದವನಿಗೆ ಸೊನ್ನೆಗಳು ಅಗ್ಗವಾಗಿ ಸಿಕ್ಕುವವು.

ಕಥೆಯ ಮುಖ್ಯಭಾಗವು ಇದರ ಮುಂದಿರುವುದು. ಸೋತ ರಾಯನ ದೂತರು ಬಂದು, ಒಬ್ಬನ ಅಪರಾಧಕ್ಕೆ ಅಸಹಾಯರಾದ ಹೆಂಗಸರು ಮಕ್ಕಳನ್ನು ಕೊಲ್ಲಲು ನಿಮ್ಮ ಧರ್ಮವು ಒಪ್ಪುವುದೇ ಎಂದು ಕೇಳಿದರು. ಸುಲ್ತಾನನು ಗಾಯಕರ ಹುಂಡಿಯ ಹಣ ಸಂದರೆ ಸಾಕೆಂದನು. ದೂತರು ಅಲ್ಲಿಯೇ ಸಲ್ಲಿಸಿದರು. ಆ ಬಳಿಕ ಇನ್ನೊಂದು ಮಾತನ್ನೂ ಮುಂದಿಟ್ಟರು: ನಮ್ಮೆರಡು ರಾಜ್ಯಗಳು ಇನ್ನು ಬಹುಕಾಲ ನೆರೆಹೊರೆಯಾಗಿ ಇರತಕ್ಕವು, ಯುದ್ಧಗಳೂ ತಪ್ಪಲಾರವು, ಆದುದರಿಂದ ಆಯುಧವಿಲ್ಲದವರನ್ನು ಕೊಲ್ಲುವುದಿಲ್ಲವೆಂದು ಒಡಂಬಡಿಕೆಯಾಗಲಿ. ಸುಲ್ತಾನನು ಒಪ್ಪಿ, ಗೆದ್ದ ಮೇಲೆ ಶತ್ರುವಿನ ಕಡೆಯ ಒಬ್ಬನನ್ನೂ ಕೊಲ್ಲಿಸೆನೆಂದು ಆಣೆ ಮಾಡಿ, ತನ್ನ ಮುಂದಿನವರನ್ನೂ ಅದಕ್ಕೆ ಕಟ್ಟಿಹಾಕಿದನು. ಕೋಟೆಯ ಜಾಮಿ ಮಸೀದಿಯು 1367ರದು. ನಾವು ತಲೆಯೆತ್ತಿ ನೋಡುವ ಆ ಗುಮ್ಮಟಗಳೂ, ಯಾರೂ ನೋಡದ ಆ ಆಣೆಯೂ ಒಂದೇ ಕಾಲದವೆನ್ನಬಹುದು.

ಸಂತೋಷದಿಂದ ಕಮಲಾಪುರಕ್ಕೆ ಓಡಿದೆನು. ಈ ಸಲ ಬರಿಗೈಯಲ್ಲಿ. ಮಾವನವರು ಕಥೆಯನ್ನು ಪೂರ್ತಿ ಕೇಳಿ, ಗಾಯಕರ ಹುಂಡಿಗೆ ಮನಸಾರೆ ನಕ್ಕರು. ಬಳಿಕ, "ಆಣಿ ಯಾವಾಗ ಮಾಡಿದ? ಮಂದಿ ಸತ್ತ ಮ್ಯಾಲೋ, ಮೊದಲೋ?" ಎಂದು ಕೇಳಿದರು.

"ಸತ್ತ ಮೇಲೆ, ಮಾವ."

"ಹ್ಞಾ. ಮೊದಲ ಮಾಡ್ಲಕ್ಕ ಏನಾಗಿತ್ತು?"

ವಿಷವಾಯುವನ್ನು ನಿಷೇಧಿಸಿದ ಜಿನೀವಾ ಒಪ್ಪಂದವು 1925ರದು. ವಾಯು ಹರಡಿದ್ದು ಅದಕ್ಕೆ ಹತ್ತು ವರ್ಷ ಮೊದಲು. ಪರಮಾಣು ಅಸ್ತ್ರಗಳ ಹರಡುವಿಕೆಯನ್ನು ತಡೆಯುವ ಒಪ್ಪಂದವು 1968ರದು. ಅಷ್ಟರಲ್ಲಿ ಐದು ದೇಶಗಳು ಅಸ್ತ್ರವನ್ನು ಪಡೆದಿದ್ದವು. 1974ರ ನಮ್ಮ ಸ್ಫೋಟದ ಪ್ಲುಟೋನಿಯಂ ತಯಾರಾದುದು ಕೆನಡಾ ದೇಶವು ಕೊಟ್ಟ ಟ್ರಾಂಬೆಯ ಸೈರಸ್ ರಿಯಾಕ್ಟರಿನಲ್ಲಿ. ಇಂತಹ ಸರಕನ್ನು ಮಾರುವ ದೇಶಗಳು ಕೂಡಿ ಕಟ್ಟುಪಾಡುಗಳನ್ನು ಬರೆದುದು ಆ ಸ್ಫೋಟದ ಸದ್ದು ಕೇಳಿದ ಮೇಲೆಯೇ. ನಾನು ಇವನ್ನೆಲ್ಲ ಅವರಿಗೆ ಹೇಳಲಿಲ್ಲ; ಹೇಳಿದ್ದರೆ ಅವರ ಪ್ರಶ್ನೆಗೇ ಬಲ ಬರುತ್ತಿತ್ತು.

"ಮುಂದ ಯಾರರೆ ಆಣಿ ಮುರದರೇನು?" ಎಂದು ಅವರು ಬಿಡದೆ ಕೇಳಿದರು.

ಮುರಿದರು. 1423ರ ಸುಮಾರಿಗೆ ಅಹಮದಶಾಹನು ವಿಜಯನಗರದ ಸೀಮೆಯನ್ನು ಹೊಕ್ಕು ಹೆಂಗಸರು ಮಕ್ಕಳೆನ್ನದೆ ಕೊಲ್ಲಿಸಿದನು. ಸತ್ತವರ ಎಣಿಕೆ ಇಪ್ಪತ್ತು ಸಾವಿರವಾದಾಗಲೆಲ್ಲ ಮೂರು ದಿನ ನಿಂತು ಹಬ್ಬ ಮಾಡಿದನಂತೆ. ಇದು ಹಿಂದಿನ ಒಡಂಬಡಿಕೆಗೆ ವಿರುದ್ಧವಾಗಿತ್ತೆಂದು ಫೆರಿಸ್ತಾನೇ ಬರೆದಿರುವನು. ಇದೇ ಅಹಮದಶಾಹನು ಬಳಿಕ ರಾಜಧಾನಿಯನ್ನು ಬೀದರಿಗೆ ಒಯ್ದನು. ಕಥೆಗೆ ಇಂತಹ ಕೊನೆಯಿರುವುದನ್ನು ಹೇಳಲು ನನಗೆ ನಾಚಿಕೆಯಾಯಿತು. ಮಾವನವರು ಮಾತ್ರ ನಿರಾಶರಾದಂತೆ ಕಾಣಲಿಲ್ಲ.

"ಬೇಲಿ ಇದ್ದ ಹೊಲಕ್ಕ ದನ ಹೊಕ್ಕರ ಜಗಳ ತೆಗಿಲಕ್ಕ ಬರ್ತದ. ಬೇಲಿನೇ ಇರದ ಹೊಲಕ್ಕ ಏನಂತ ಕೇಳೋದು? ಬರದಾನಲ್ಲ ಮುರದಾನಂತ, ಸಾಕು."

ಅಂದಿನಿಂದ ನಾನು ಬೇಲಿಗಳನ್ನು ಗಮನಿಸುತ್ತಿರುವೆನು. ನಮ್ಮ ದೇಶವೂ ಪಾಕಿಸ್ತಾನವೂ 1988ರ ಡಿಸೆಂಬರ್ 31ರಂದು ಒಂದು ಒಪ್ಪಂದಕ್ಕೆ ಸಹಿ ಮಾಡಿದವು: ಒಬ್ಬರ ಪರಮಾಣು ಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡಕೂಡದು. ಅದರಂತೆ 1992ರಿಂದ ಪ್ರತಿವರ್ಷ ಜನವರಿ 1ರಂದು ಎರಡು ದೇಶಗಳೂ ತಮ್ಮ ತಮ್ಮ ಸ್ಥಾವರಗಳ ಪಟ್ಟಿಯನ್ನು ಒಂದಕ್ಕೊಂದು ಒಪ್ಪಿಸುವವು. 1999ರ ಕಾರ್ಗಿಲ್ಲಿನ ಕಾಳಗದ ಮುಂದಿನ ಹೊಸವರ್ಷದಲ್ಲಿಯೂ ಪಟ್ಟಿ ಹೋಯಿತು, ಪಟ್ಟಿ ಬಂದಿತು. ರಾಯಭಾರಿಗಳು ಮುಖ ನೋಡದಿದ್ದ ವರ್ಷಗಳಲ್ಲಿಯೂ ಹೋಯಿತು. ಪತ್ರಿಕೆಗಳು ಒಳಪುಟದಲ್ಲಿ ನಾಲ್ಕು ಸಾಲು ಅಚ್ಚುಹಾಕುವವು. ತುಂಗಭದ್ರೆಯ ದಂಡೆಯ ಆ ದೂತರು ಇದನ್ನು ಕಂಡಿದ್ದರೆ ಗುರುತು ಹಿಡಿಯುತ್ತಿದ್ದರೆಂದು ನನ್ನ ಊಹೆ.

ಇನ್ನೊಂದು ಬೇಲಿಯ ಕಥೆ ಅಷ್ಟು ಚೆಲುವಾದುದಲ್ಲ. 1992ರ ಆಗಸ್ಟಿನಲ್ಲಿ ಇದೇ ಎರಡು ದೇಶಗಳು ತಮ್ಮಲ್ಲಿ ರಾಸಾಯನಿಕ ಅಸ್ತ್ರಗಳಿಲ್ಲವೆಂದೂ ಅವನ್ನು ಮಾಡುವುದಿಲ್ಲವೆಂದೂ ಜಂಟಿಯಾಗಿ ಸಾರಿದವು. ಐದು ವರ್ಷದ ತರುವಾಯ, ಜಾಗತಿಕ ಒಪ್ಪಂದವು ಜಾರಿಗೆ ಬಂದಾಗ, ನಮ್ಮಲ್ಲಿ ಅಂತಹ ಸಂಗ್ರಹವಿರುವುದನ್ನು ನಮ್ಮ ಸರಕಾರವೇ ಪ್ರಕಟಿಸಬೇಕಾಯಿತು. ಅದರಲ್ಲಿ ಮೈಯ ಮೇಲೆ ಬೊಕ್ಕೆಯೆಬ್ಬಿಸುವ ಸಾಸಿವೆ ಅನಿಲವು 1,000 ಟನ್ನಿಗೂ ಮಿಕ್ಕಿತ್ತು. ಮೊದಲಿನ ಮಾತು ಹುಸಿಯಾಗಿದ್ದುದು ನಿಜ. ಆದರೆ ಹೊಸ ಬೇಲಿಯಲ್ಲಿ ಕಾವಲುಗಾರನಿದ್ದನು. ಹೇಗ್ ನಗರದ ಸಂಸ್ಥೆಯ ಪರೀಕ್ಷಕರು ಬಂದು, ತೂಗಿ, ಕಣ್ಣಮುಂದೆ ನಾಶಮಾಡಿಸಿದರು. 2009ರಲ್ಲಿ ಆ ಸಂಗ್ರಹವು ಪೂರ್ತಿಯಾಗಿ ನಾಶವಾಯಿತು. ಒಂದಿಡೀ ಜಾತಿಯ ಸಂಹಾರಾಸ್ತ್ರವನ್ನು ನಮ್ಮ ದೇಶವು ತನ್ನ ಕೈಯಿಂದಲೇ ಇಲ್ಲವಾಗಿಸಿದ ಆ ವರ್ಷ ಸುಪರ್ ಮಾರ್ಕೆಟ್ಟಿನಲ್ಲಿ ಪಟಾಕಿ ಹಾರಲಿಲ್ಲ. ಯಾರೂ ಪೇಢೆ ಹಂಚಲಿಲ್ಲ. ನಾನೂ ಕೊಳ್ಳಲಿಲ್ಲ. ನನಗೆ ಆ ಸುದ್ದಿಯೇ ತಿಳಿಯಲಿಲ್ಲವೆಂದು ಒಪ್ಪಿಕೊಳ್ಳುವುದು ಮೇಲು.

ಹಾಗೆಂದು ನಾನು ಮಾವನವರ ಪಕ್ಷಕ್ಕೆ ಪೂರ್ತಿಯಾಗಿ ಸೇರಿದೆನೆಂದು ವಾಚಕರು ತಿಳಿಯಬಾರದು. 1968ರ ಒಪ್ಪಂದವು 1967ರ ಜನವರಿ 1ಕ್ಕೆ ಮುಂಚೆ ಸ್ಫೋಟಿಸಿದವರನ್ನು ದೊಡ್ಡ ಮನೆಯವರೆಂದೂ ಉಳಿದವರನ್ನು ಸಾಲ ಕೇಳಬಂದವರೆಂದೂ ಎಣಿಸುವುದು. ಅದಕ್ಕೆ ನಮ್ಮ ದೇಶ ಸಹಿ ಹಾಕದಿದ್ದುದು ಸರಿಯೆಂದೇ ನನ್ನ ಮತ. ಮೊದಲು ಪ್ರಯೋಗಿಸುವುದಿಲ್ಲವೆಂದು 2003ರಲ್ಲಿ ಸರಕಾರವು ಅಧಿಕೃತವಾಗಿ ಸಾರಿದುದೂ ಒಂದು ಆಣೆಯೇ. ಪ್ರಪಂಚದಲ್ಲಿ ಈಗಲೂ ಸುಮಾರು 12,000 ಪರಮಾಣು ಸಿಡಿತಲೆಗಳಿರುವಾಗ ನಾವೊಬ್ಬರೇ ಬರಿಗೈಯಾಗಿ ಕೂಡಬೇಕೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಇಟ್ಟುಕೊಂಡಿರುವುದು ಬೇರೆ, ಅದಕ್ಕಾಗಿ ಬಾಯಿ ಸಿಹಿ ಮಾಡಿಕೊಳ್ಳುವುದು ಬೇರೆ. ಮನೆಯಲ್ಲಿ ಇಲಿಪಾಷಾಣ ಇಡುವವರುಂಟು. ಅದನ್ನು ಜಗಲಿಯ ಮೇಲಿಟ್ಟು ಆರತಿ ಎತ್ತುವವರನ್ನು ಕಾಣೆನು.

ಇಷ್ಟೆಲ್ಲ ತಿಳಿದುಕೊಂಡೆನೆಂಬ ಹೆಮ್ಮೆ ಸ್ವಲ್ಪ ಬೆಳೆದಿದ್ದಾಗ ಅದನ್ನು ಇಳಿಸಿದವಳು ಒಬ್ಬ ವಿದ್ಯಾರ್ಥಿನಿ. ವಿಕಿರಣದ ಪಾಠಕ್ಕೆ ನಾನು ಪ್ರತಿವರ್ಷ ಕಮಲಾಪುರದ ಒಂದು ಕೆಂಬಾಳೆಯ ಹಣ್ಣನ್ನು ಒಯ್ಯುವ ರೂಢಿಯಿತ್ತು. ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಉಂಟು. ನಿಸರ್ಗದ ಪೊಟ್ಯಾಸಿಯಮ್ಮಿನಲ್ಲಿ ಹತ್ತು ಸಾವಿರಕ್ಕೆ ಒಂದಕ್ಕಿಂತ ತುಸು ಹೆಚ್ಚು ಪರಮಾಣುಗಳು ವಿಕಿರಣಶೀಲವಾಗಿರುವವು. ಒಂದು ಹಣ್ಣಿನಲ್ಲಿ ಪ್ರತಿ ಸೆಕೆಂಡಿಗೆ ಹದಿನೈದರಷ್ಟು ಪರಮಾಣುಗಳು ಸಿಡಿಯುತ್ತಲೇ ಇರುವವು. ಹೀಗೆಂದು ಹೇಳಿ ಹಣ್ಣನ್ನು ಸುಲಿದು ತಿಂದುಬಿಟ್ಟರೆ ತರಗತಿಯು ನಗುವುದು, ವಿಕಿರಣದ ಮೂಢಭಯ ಹೋಗುವುದು. 2010ರ ಸುಮಾರಿಗೆ, ಯಾದಗಿರಿಯು ಬೇರೆ ಜಿಲ್ಲೆಯಾಗಿದ್ದ ಹೊತ್ತಿನಲ್ಲಿ, ಶಹಾಪುರ ತಾಲೂಕಿನ ಹುಡುಗಿಯೊಬ್ಬಳು ಎದ್ದುನಿಂತು, "ಸರ್, ಹಣ್ಣಿಂದು ತಿಳೀತು. ನಮ್ಮೂರಿನ ಬಾವಿ ನೀರು ಕುಡೀಬಹುದಾ?" ಎಂದು ಕೇಳಿದಳು.

ಅವಳ ಊರು ಗೋಗಿಯ ನೆರೆಯದು. ಗೋಗಿಯ ನೆಲದಲ್ಲಿ, ಸುಣ್ಣಕಲ್ಲೂ ಬೆಣಚುಕಲ್ಲೂ ಸಂಧಿಸಿ ಬಿರುಕುಬಿಟ್ಟ ಕಡೆ, ಯುರೇನಿಯಂ ಅದಿರುಂಟು. ಜಾರ್ಖಂಡದ ಜಾದೂಗುಡದ ಅದಿರಿಗಿಂತ ಸತ್ವಶಾಲಿಯಾದುದು. ಭಾರತೀಯ ಯುರೇನಿಯಂ ನಿಗಮವು ಅಲ್ಲಿ ಪರೀಕ್ಷಾರ್ಥವಾಗಿ ಗಣಿ ತೋಡಿತು. ಸುತ್ತಲಿನ ಹಳ್ಳಿಗಳವರು ವಿರೋಧಿಸಿದರು. ಅದಿರಿರುವ ಆ ಸುಣ್ಣಕಲ್ಲು ನಮಗೆ ಅಪರಿಚಿತವಲ್ಲ. ಕಲಬುರಗಿಯ ಮನೆಮನೆಯ ನೆಲಕ್ಕೆ ಹಾಸಿರುವ ಶಹಾಬಾದಿನ ಪರ್ಸಿಯ ಬಳಗದ್ದೇ. ಗೋಗಿಯಲ್ಲಿ ಇನ್ನೊಂದುಂಟು: ಬಿಜಾಪುರದ ಆದಿಲಶಾಹಿಯನ್ನು ಸ್ಥಾಪಿಸಿದ ಯೂಸುಫ್ ಆದಿಲಶಾಹನ ಗೋರಿ. ಮಲಿಕ್-ಎ-ಮೈದಾನದಂತಹ ಮಹಾತೋಪನ್ನು ಬುರುಜಿಗೇರಿಸಿದ ಮನೆತನದ ಮೂಲಪುರುಷನು ಅದೆಂತಹ ಮದ್ದಿನ ಮನೆಯ ಮಗ್ಗುಲಲ್ಲಿ ಮಲಗಿರುವನೆಂಬುದು ಅವನಿಗೆ ತಿಳಿಯದು. ಆ ಅದಿರು ದೀಪಕ್ಕೂ ಆಗುವುದು, ಬಾಂಬಿಗೂ ಆಗುವುದು. ನಿಸರ್ಗದ ಯುರೇನಿಯಮ್ಮಿನ ಸಾವಿರ ಪಾಲಿನಲ್ಲಿ ಸುಲಭವಾಗಿ ಒಡೆಯತಕ್ಕದ್ದು ಏಳು ಪಾಲು. ಮೈಸೂರಿನ ಬಳಿಯ ರಟ್ಟಿಹಳ್ಳಿಯ ಕಾರಖಾನೆಯಂತಹ ಕಡೆ ಯಂತ್ರಗಳನ್ನು ತಿರುಗಿಸಿ ಆ ಪಾಲನ್ನು ಹೆಚ್ಚಿಸುವರು. ಪರದೇಶದಿಂದ ಕೊಂಡ ಯುರೇನಿಯಮ್ಮಿಗೆ ಲೆಕ್ಕ ಕೇಳುವ ಅಂತರರಾಷ್ಟ್ರೀಯ ಪರೀಕ್ಷಕರುಂಟು. ನಮ್ಮದೇ ನೆಲದ ಅದಿರಿಗೆ ಆ ಲೆಕ್ಕವಿಲ್ಲ. ಅಸ್ತ್ರದ ಪ್ರಸಾರ, ಅಸ್ತ್ರದ ನಿಯಂತ್ರಣ ಎಂದು ವಿಯೆನ್ನಾದಲ್ಲಿಯೂ ಜಿನೀವಾದಲ್ಲಿಯೂ ಕುಳಿತು ಮಾತಾಡುವ ಸಂಗತಿಯು ಶಹಾಪುರದ ಹುಡುಗಿಯ ಕೊಡದೊಳಗಿತ್ತು.

ಓಣಿಗೆಲ್ಲ ಪೋಖರಣವನ್ನು ವಿವರಿಸಿದ್ದ ನಾನು ಅವಳಿಗೆ ಉತ್ತರ ಕೊಡಲಾರದೆ ನಿಂತೆನು. ವಿಚಾರಿಸಿ ಹೇಳುವೆನೆಂದೆನು. ಮರುವಾರ ಅವಳು ಒಂದು ಸೀಸೆಯ ತುಂಬ ಬಾವಿಯ ನೀರನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ನೋಡಲು ತಿಳಿಯಾದ ನೀರು. ನಮ್ಮ ಪ್ರಯೋಗಶಾಲೆಯಲ್ಲಿ ಅದನ್ನು ಪರೀಕ್ಷಿಸುವ ಸಾಧನವಿರಲಿಲ್ಲ. ನಾನು ಒಂದು ಕಚೇರಿಗೆ ಪತ್ರ ಬರೆದೆನು, ಎರಡು ತಿಂಗಳಾದ ಮೇಲೆ ಇನ್ನೊಂದು ಬರೆದೆನು, ಉತ್ತರ ಬರಲಿಲ್ಲ. ಅವಳು ಪರೀಕ್ಷೆ ಬರೆದು ಊರಿಗೆ ಹೋದಳು. ಆ ಭಾಗದ ಕೆಲವು ಬಾವಿಗಳಲ್ಲಿ ಯುರೇನಿಯಂ ಮಿತಿಯನ್ನು ಮೀರಿರುವುದನ್ನು ಸಂಶೋಧಕರು ಮುಂದೆ ಪ್ರಕಟಿಸಿದರು. ಒಂದು ಲೀಟರಿಗೆ 30 ಮೈಕ್ರೋಗ್ರಾಮೆಂದು ಈಗ ವಿಶ್ವ ಆರೋಗ್ಯ ಸಂಸ್ಥೆಯು ಮಿತಿಯಿಟ್ಟಿರುವುದು. ಅದನ್ನು ಮೀರಿದರೆ ವಿಕಿರಣಕ್ಕಿಂತ ಮೊದಲು ಮೂತ್ರಪಿಂಡಗಳಿಗೆ ವಿಷದ ಬಾಧೆಯಾಗುವ ಅಂಜಿಕೆ. ಅದಿರಿರುವ ನೆಲದ ನೀರಿನಲ್ಲಿ ಅದಿರಿನ ಅಂಶವು ಬೆರೆಯುವುದು ಗಣಿ ತೋಡದಿದ್ದರೂ ಉಂಟೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೆ ಆ ಬಾವಿಗಳಲ್ಲಿ ಅವಳದೂ ಒಂದೇ ಎಂಬುದು ಆ ಬರೆಹದಿಂದ ತಿಳಿಯಲಿಲ್ಲ. ಸೀಸೆಯು ಬಹುಕಾಲ ನನ್ನ ಕಪಾಟಿನಲ್ಲಿತ್ತು. ನಿವೃತ್ತನಾದ ದಿನ ಚೆಲ್ಲಲೂ ಮನಸ್ಸಾಗದೆ, ಬಿಟ್ಟುಬರಲೂ ಮನಸ್ಸಾಗದೆ ಮನೆಗೆ ತಂದೆನು. ಕೆಂಬಾಳೆಯನ್ನು ತರಗತಿಗೆ ಒಯ್ಯುವುದನ್ನು ಅವಳು ಪ್ರಶ್ನೆ ಕೇಳಿದ ಮರುವರ್ಷದಿಂದಲೇ ಬಿಟ್ಟಿದ್ದೆನು.

ಮಾವನವರು 2013ರಲ್ಲಿ ತೀರಿಕೊಂಡರು. ಮಣ್ಣಿಗೆ ಹೋದವನು ಎರಡು ದಿನ ಅಲ್ಲಿಯೇ ಉಳಿದೆನು. ಸಂಜೆ ಜನರೆಲ್ಲ ಹೋದ ಮೇಲೆ ಅತ್ತೆಯವರು ಹಿಂದಿನ ಮಾತುಗಳನ್ನು ತೆಗೆದರು. ತೋಪಿನ ಮೇಲೆ ಕುಳಿತು ನಾನು ಚೀರಿದುದು, ಬಾವಿಯ ಬಂಡೆ, ಸೊಲ್ಲಾಪುರದ ಹಾದಿ. ಹದಿನೈದು ವರ್ಷದಿಂದ ಕೇಳಬೇಕೆಂದುಕೊಂಡಿದ್ದುದನ್ನು ಆಗ ಕೇಳಿದೆನು.

"ಅತ್ತಿ, ಅವತ್ತು ನಾ ತಂದಿದ್ದ ಪೇಡೆ ಏನಾದವು?"

"ನಿಮ್ಮ ಮಾವ ತಿನ್ನಲಿಲ್ಲ. ನನಗೂ ತಿನಗೊಡಲಿಲ್ಲ. ಕೂಲಿ ಹುಡುಗರಿಗಿ ಕೊಡತೀನಂದ್ರ, ಯಾಕ ಕೊಟ್ರಿ ಅಂತ ಕೇಳತಾವ, ಏನ್ ಹೇಳತಿ ಅಂದ್ರು. ಆಕಳಿಗಿ ಇಟ್ಟೆ."

"ಆಕಳು ತಿಂತೇನು?"

"ಅದಕ್ಕೇನ್ ಗೊತ್ತು ಯಪ್ಪಾ, ತಿಂತು."